ಮುಚ್ಚಲಿದ್ದ ವಿಶ್ವವಿದ್ಯಾಲಯದಲ್ಲಿ ಒಂದು ಕನ್ನಡ ನೋಟುಪುಸ್ತಕ

ಶನಿವಾರ ಬೆಳಿಗ್ಗೆ ಎಂಟಕ್ಕೆ ಸಿಯಾಟಲ್ ಬಳಿಯ ಮಿಲ್ ಕ್ರೀಕ್‌ನ ಮನೆಯಿಂದ ಹೊರಟೆವು, ನಾನು ಮತ್ತು ಹನ್ನೆರಡು ವರ್ಷದ ಮಗಳು ಅನಘಾ. ಎಡ್ಮಂಡ್ಸ್‌ವರೆಗೆ ಅರ್ಧ ಗಂಟೆಯ ಡ್ರೈವ್. ಅಲ್ಲಿ ಕಾರನ್ನು ಫೆರಿಗೆ ಹತ್ತಿಸಿದರೆ ಇನ್ನರ್ಧ ಗಂಟೆ ನೀರಿನ ಮೇಲೆ. ಆಚೆ ದಡದ ಕಾಡಿನಲ್ಲಿ ಒಂದು ಹಳೆಯ ವಿಶ್ವವಿದ್ಯಾಲಯವಿದೆ. ಧರ್ಮ ಮತ್ತು ತತ್ತ್ವಶಾಸ್ತ್ರ ಬಿಟ್ಟು ಬೇರೇನನ್ನೂ ಕಲಿಸದ ಆ ಸಂಸ್ಥೆ ಆ ತಿಂಗಳು ಮುಚ್ಚುವುದರಲ್ಲಿತ್ತು. ಯಾವ ಲಿಪಿಯೆಂದು ತಿಳಿಯದೆ ಅಲ್ಲಿನ ಗ್ರಂಥಪಾಲಕಿ ಕಳಿಸಿದ್ದ ಪುಟವೊಂದರ ಫೋಟೋ, ಅವರಿವರ ಕೈ ದಾಟಿ ನಮ್ಮ ಕನ್ನಡ ವಾಟ್ಸಾಪ್ ಗುಂಪಿಗೆ ಬಂದಿತ್ತು. ಏನೆಂದು ಗೊತ್ತಾಗದ ಕಾಗದಗಳೆಲ್ಲ ಸೋಮವಾರ ರದ್ದಿಗೆ ಹೋಗುತ್ತವಂತೆ. ಗದಗಿನಲ್ಲಿ ಬಿ.ಎ.ಗೆ ತತ್ತ್ವಶಾಸ್ತ್ರ ಓದಿ, ಈಗ ಕ್ಯಾನ್ಯನ್ ಪಾರ್ಕ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವ ನನಗೆ ಸುಮ್ಮನಿರಲಾಗಲಿಲ್ಲ.

ಫೆರಿಯ ಮೇಲೆ ಗಾಳಿ ಕಿವಿ ಕೊರೆಯುತ್ತಿತ್ತು. ಕಾರಿನಲ್ಲೇ ಕೂತು ಚಪಾತಿ, ಶೇಂಗಾ ಚಟ್ನಿ ತಿಂದೆವು.

"ಆಲ್ ದಿಸ್ ಫಾರ್ ಒನ್ ನೋಟ್‌ಬುಕ್?" ಎಂದಳು ಅನಘಾ.

"ಕನ್ನಡದ್ದೈತಿ. ನಾವ್ ಹೋಗ್ಲಿಲ್ಲಂದ್ರ ಯಾರ್ ಓದ್ತಾರ?"

ಕಿಂಗ್‌ಸ್ಟನ್‌ನಲ್ಲಿ ಇಳಿದು ಹದಿನೈದು ಮೈಲಿ ಹೋದ ಮೇಲೆ ಪಾಚಿ ಹಿಡಿದ ಇಟ್ಟಿಗೆಯ ಕಟ್ಟಡ ಕಾಣಿಸಿತು. ಗ್ರಂಥಪಾಲಕಿ ಮಾರ್ಗರೆಟ್ ಬಾಗಿಲಲ್ಲೇ ಕಾಯುತ್ತಿದ್ದರು. ಎಪ್ಪತ್ತು ದಾಟಿದವರು, ಅಲ್ಲೇ ಓದಿದವರು. ಖಾಲಿ ಕಪಾಟುಗಳ ನಡುವೆ ನಡೆಯುತ್ತ ಸಂಸ್ಥೆಯ ಕಥೆ ಹೇಳಿದರು. ಪಾದ್ರಿಗಳನ್ನು ತಯಾರು ಮಾಡಲೆಂದು ಅದನ್ನು ಕಟ್ಟಿದ್ದು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಬೌದ್ಧರು, ಯಹೂದಿಗಳು, ವೇದಾಂತಿಗಳು ಒಂದೇ ಮೇಜಿಗೆ ಊಟಕ್ಕೆ ಕೂರುವಂತಾಯಿತು. ಊಟದ ನಡುವೆ ಜಗಳವೂ ಆಗುತ್ತಿತ್ತಂತೆ. ಆಮೇಲೆ ವಿದ್ಯಾರ್ಥಿಗಳು ಕಡಿಮೆಯಾಗುತ್ತ ಬಂದರು. ಕೊನೆಯ ತರಗತಿಯಲ್ಲಿ ಕೂತವರು ನಾಲ್ವರೇ.

ನೀಲಿ ರಟ್ಟಿನ ನೋಟುಪುಸ್ತಕವನ್ನು ನನ್ನ ಕೈಗಿಟ್ಟರು. ಮೊದಲ ಪುಟದಲ್ಲಿ 'ಸಾಲೋಮನ್, ಬೆಟಗೇರಿ' ಎಂದಿತ್ತು. ಬೆಟಗೇರಿ ಎಂದರೆ ಗದಗಿನ ಮಗ್ಗುಲು. ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದೆ.

"ನನ್ನ ಗುರುಗಳು," ಎಂದರು ಮಾರ್ಗರೆಟ್. "ವಿದ್ಯಾರ್ಥಿಯಾಗಿ ಬಂದರು, ಇಲ್ಲೇ ಪಾಠ ಹೇಳಿದರು, ಇಲ್ಲೇ ತೀರಿಕೊಂಡರು. ಕಟ್ಟಡದ ಹಿಂದೆಯೇ ಅವರ ಸಮಾಧಿ. ಅಷ್ಟು ಗಟ್ಟಿ ನಂಬಿಕೆಯವರನ್ನು ನಾನು ಬೇರೆ ಕಂಡಿಲ್ಲ."

ಪುಟ ತಿರುಗಿಸಿದೆ. ತರ್ಕಶಾಸ್ತ್ರದ ಟಿಪ್ಪಣಿಗಳು. ನಡುವೆ ಒಂದು ಕಡೆ ಅಕ್ಷರ ಸಣ್ಣದಾಗಿತ್ತು: 'ಇದನ್ನು ಇಲ್ಲಿ ಯಾರೂ ಓದಲಾರರು. ಅದಕ್ಕೇ ನಿಜ ಬರೆಯುತ್ತೇನೆ. ಮೂರು ತಿಂಗಳಿಂದ ಪ್ರಾರ್ಥನೆಗೆ ಕೂತರೆ ಕೇಳಿಸಿಕೊಳ್ಳುವವರು ಯಾರೂ ಇಲ್ಲವೆನಿಸುತ್ತಿದೆ. ಊರಿನ ಚರ್ಚಿನ ಸಭೆಯವರು ನನ್ನನ್ನು ನಂಬಿ ಕಳಿಸಿದ್ದಾರೆ. ಯಾವ ಮುಖದಿಂದ ಹೇಳಲಿ?'

ಆ ಸಾಲುಗಳನ್ನು ಮತ್ತೊಮ್ಮೆ ಓದಿದೆ.

"ಏನಿದೆ?" ಎಂದರು ಮಾರ್ಗರೆಟ್.

ಪಾಠದ ಟಿಪ್ಪಣಿ ಎಂದುಬಿಡಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಅನಘಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಮ್ಮಾ, ಜಸ್ಟ್ ಟೆಲ್ ಹರ್," ಎಂದಳು. ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ. ಆಮೇಲೆ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿದೆ.

ಮಾರ್ಗರೆಟ್ ಕನ್ನಡಕ ತೆಗೆದು ಸ್ಟೂಲಿನ ಮೇಲೆ ಕೂತರು.

"ಎರಡನೇ ವರ್ಷ ನನಗೂ ಹೀಗೇ ಆಗಿತ್ತು. ಓದು ಬಿಟ್ಟು ಹೋಗ್ತೀನಿ ಅಂತ ಹೇಳೋಕೆ ಅವರ ಹತ್ತಿರ ಹೋದೆ. ಅವರು ಉಪದೇಶ ಮಾಡಲಿಲ್ಲ. ಟೀ ಮಾಡಿಕೊಟ್ಟು, ನಾಳೆಯೂ ಬಾ ಅಂದರು. ಒಂದು ಚಳಿಗಾಲ ಪೂರ್ತಿ ದಿನಾ ಹೋದೆ. ಇವರಿಗೆ ನನ್ನ ಕಷ್ಟ ಹೇಗೆ ಅರ್ಥವಾಯಿತು ಅಂತ ಇಷ್ಟು ವರ್ಷ ಯೋಚನೆ ಮಾಡ್ತಿದ್ದೆ."

ಸಾಲೋಮನ್ ಅವರಿಗೆ ನಂಬಿಕೆ ಮರಳಿತೇ ಎಂದು ಉಳಿದ ಪುಟಗಳಲ್ಲಿ ಹುಡುಕಿದೆ. ಮತ್ತೆ ತರ್ಕಶಾಸ್ತ್ರವೇ. ಭಾಷೆ, ಊರು, ವಿಷಯ ಎಂದು ಒಂದು ಚೀಟಿ ಬರೆದುಕೊಟ್ಟೆ. ವಿಷಯದ ಜಾಗದಲ್ಲಿ ಪೆನ್ನು ನಿಂತಾಗ ಮಾರ್ಗರೆಟ್, "ಇದ್ದದ್ದನ್ನೇ ಬರೆಯಿರಿ," ಎಂದರು. ನೋಟುಪುಸ್ತಕ ರದ್ದಿಗೆ ಹೋಗದೆ, ಸಿಯಾಟಲ್‌ನ ಗ್ರಂಥಾಲಯಕ್ಕೆ ಹೋಗುವ ಪೆಟ್ಟಿಗೆ ಸೇರಿತು.

ಹೊರಗೆ ಮಳೆ ಹನಿಯುತ್ತಿತ್ತು. ಕಾರು ತಿರುಗಿಸುವಾಗ ಹಿಂದೆ ನೋಡಿದೆ. ಮಾರ್ಗರೆಟ್ ಒಳಗೆ ಹೋಗಿರಲಿಲ್ಲ. ಕೊಡೆಯೂ ಇಲ್ಲದೆ, ಕಟ್ಟಡದ ಹಿಂದಿನ ಸಮಾಧಿಗಳ ಕಡೆಗೆ ನಡೆಯುತ್ತಿದ್ದರು.