ನೆಲಮಾಳಿಗೆಯ ಗೋಡೆಗೆ ಹಾಕಿದ ಗೆರೆಗಳು

ಸಿಗ್ರೂನ್ ಇಸ್ಫೆಲ್ಡ್ ತನ್ನ ಅರವತ್ತೊಂಬತ್ತು ವರ್ಷದ ಬಾಳಿನಲ್ಲಿ ದುಬಾರಿ ತಪ್ಪು ಮಾಡಿದ್ದು ಒಂದೇ ಸಲ. ವಿಮೆಯವನಿಗೆ ನಿಜ ತೋರಿಸಿದಳು.

ಸರೋವರದ ದಂಡೆಯ ಗಿಮ್ಲಿ ಊರಿನ ಮೀನಿನ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಚಾಕು ಹಿಡಿದು ನಿಂತವಳು ಅವಳು. ಗಂಡ ಹಾಲ್ದೋರ್ ಚಳಿಗಾಲವಿಡೀ ಹೆಪ್ಪುಗಟ್ಟಿದ ಸರೋವರವನ್ನು ಕೊರೆದು ಬಲೆ ಬಿಡುತ್ತಿದ್ದ. ಅಲ್ಲಿನ ಮೀನುಗಾರರದು ಒಂದು ಕಟ್ಟುನಿಟ್ಟು: ಹಿಮಗಡ್ಡೆಯ ದಪ್ಪ ಅಳೆಯದೆ ಹೆಜ್ಜೆ ಇಡಬಾರದು, ಅಳೆದದ್ದನ್ನು ಬರೆದಿಡದೆ ಮಲಗಬಾರದು. ಉದಾಸೀನ ಮಾಡಿದ ಕೆಲವರನ್ನು ಸರೋವರ ವಾಪಸು ಕೊಟ್ಟಿಲ್ಲ. ಹಾಲ್ದೋರ್ ಆ ಅಭ್ಯಾಸವನ್ನು ಮನೆಗೂ ತಂದ. ನೆಲಮಾಳಿಗೆಯ ಉತ್ತರದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡ ವರ್ಷದಿಂದ, ಪ್ರತಿ ವಸಂತದಲ್ಲಿ ಅದರ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಹಾಕಿದ. ಅವನು ತೀರಿಕೊಂಡ ಮೇಲೆ ಸಿಗ್ರೂನ್ ಹಾಕಿದಳು. ನೆಲ ಹೆಪ್ಪುಗಟ್ಟಿ ಉಬ್ಬುವ ಆ ಸೀಮೆಯಲ್ಲಿ ಬಿರುಕಿಲ್ಲದ ಗೋಡೆ ಯಾರ ಮನೆಯಲ್ಲಿದೆ? ಇಪ್ಪತ್ತೆಂಟು ಗೆರೆ, ಎಲ್ಲ ಸೇರಿ ಒಂದು ಗೇಣು.

ಫೆಬ್ರವರಿಯಲ್ಲಿ, ಮೈನಸ್ ಮೂವತ್ತೆಂಟರ ಚಳಿಗೆ, ಅಂಗಳದ ನಲ್ಲಿಗೆ ಹೋಗುವ ಪೈಪು ಆ ಗೋಡೆಯ ಹಿಂದೆ ಒಡೆಯಿತು. ನೀರು ಅಲ್ಲೇ ಇಳಿದು ಗಡ್ಡೆಯಾಯಿತು. ಮರುದಿನ ಬೆಳಿಗ್ಗೆ ಸಿಗ್ರೂನ್ ವಿನಾರ್ತೆರ್ತಾ ಎಂಬ ಪದರದ ಕೇಕಿಗೆ ಒಣಗಿಸಿದ ಪ್ಲಮ್ ಹಣ್ಣು ಬೇಯಿಸುತ್ತಿದ್ದಾಗ ಕೆಳಗೆ ಗುಂಡು ಹಾರಿದಂಥ ಸದ್ದು. ಹೋಗಿ ನೋಡಿದರೆ ಗೋಡೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು.

ರಿಪೇರಿಗೆ ನಲವತ್ತಾರು ಸಾವಿರ ಡಾಲರ್ ಎಂದ ಗುತ್ತಿಗೆದಾರ. ವಿಮೆ ಕೊಡದಿದ್ದರೆ ಮಾರಲು ಇದ್ದದ್ದು ಒಂದೇ, ಹಾಲ್ದೋರನ ಹೆಸರಿನಲ್ಲಿ ಬಂದಿದ್ದ ಮೀನು ಹಿಡಿಯುವ ಹಕ್ಕು. ಅದರ ಮೇಲೆಯೇ ಮಗಳು ರೂನಾ ಈಗ ಸರೋವರಕ್ಕೆ ಇಳಿಯುತ್ತಿದ್ದಳು. ಅಪ್ಪನಂತೆಯೇ ಅವಳಿಗೂ ಬೇರೆ ಕೆಲಸ ಬೇಕಿರಲಿಲ್ಲ.

ವಿಮಾ ಕಂಪನಿಯಿಂದ ಬ್ರೆಂಟ್ ಎಂಬ ನಯವಾದ ಹುಡುಗ ಬಂದ. ಕಾಫಿ ಕುಡಿದ, ವಿನಾರ್ತೆರ್ತಾ ಕೇಕನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡ. ಒಡೆದ ಪೈಪು ನೋಡಿ, "ಇದು ದಿಢೀರ್ ಅಂತ ಆಗಿರೋದು ಅಮ್ಮಾ, ಪಾಲಿಸಿಯಲ್ಲಿ ಬರುತ್ತೆ," ಎಂದು ಕಾಗದ ಮಡಚಿದ. ಪಕ್ಕದಲ್ಲಿದ್ದ ರೂನಾ ನೆಮ್ಮದಿಯ ಉಸಿರು ಬಿಟ್ಟಳು.

"ನಿಲ್ಲಿ, ಇದನ್ನೂ ನೋಡ್ಕೊಂಡು ಹೋಗಿ," ಎಂದಳು ಸಿಗ್ರೂನ್. ಹೆಮ್ಮೆ ಅವಳಿಗೆ. ದೀಪ ಹಿಡಿದು ಗೆರೆಗಳನ್ನು ತೋರಿಸಿದಳು. "ಇಪ್ಪತ್ತೆಂಟು ವರ್ಷಕ್ಕೆ ಒಂದು ಗೇಣು. ಮೊನ್ನೆ ಒಂದೇ ದಿನಕ್ಕೆ ಗೋಡೆಗೆ ಗೋಡೆನೇ ಮುಂದಕ್ಕೆ ಬಂದಿದೆ. ಪೈಪಿನದೇ ಕೆಲಸ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?"

ಬ್ರೆಂಟ್ ಒಂದೊಂದು ಗೆರೆಯದೂ ಫೋಟೋ ತೆಗೆದುಕೊಂಡ.

ಮೂರು ವಾರಕ್ಕೆ ಪತ್ರ ಬಂತು. ಮಾಲೀಕರಿಗೆ ಇಪ್ಪತ್ತೆಂಟು ವರ್ಷದಿಂದ ಗೊತ್ತಿದ್ದೂ ಸರಿಪಡಿಸದೆ ಬಿಟ್ಟ, ನಿಧಾನವಾಗಿ ಬೆಳೆದ ದೋಷವಂತೆ. ಪರಿಹಾರ ಇಲ್ಲ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ.

ಸಿಗ್ರೂನ್ ಬ್ರೆಂಟ್‌ಗೆ ಫೋನ್ ಮಾಡಿದಳು. "ನಾನು ಆ ಗೆರೆ ತೋರಿಸದೆ ಇದ್ದಿದ್ರೆ?"

"ಅದನ್ನ ನಾನು ಹೇಳೋ ಹಾಗಿಲ್ಲ ಅಮ್ಮಾ."

"ಅಂದ್ರೆ ದುಡ್ಡು ಬರ್ತಿತ್ತು."

"ನಿಯಮ ನಾನು ಮಾಡಿದ್ದಲ್ಲ..."

"ಬಣ್ಣ ಬಳಿದು ಮುಚ್ಚಿಟ್ಟೋನು ಸಾಚಾ, ಬರೆದಿಟ್ಟೋನು ಕಳ್ಳ, ಅಲ್ವೇನೋ? ನನ್ನ ಕೈಯಡುಗೆ ಕೇಳಿ ಕೇಳಿ ತಿಂದ್ಯಲ್ಲ, ಅರಗಿತಾ ನಿಂಗೆ?"

ಬ್ರೆಂಟ್ ಫೋನ್ ಇಟ್ಟ. ಮೇಲ್ಮನವಿಗೂ ಅದೇ ಉತ್ತರ, ಸಹಿ ಮಾತ್ರ ಬೇರೆಯವರದು. ಹಿಮ ಕರಗಿ ನೀರಿಳಿದರೆ ಗೋಡೆ ಕುಸಿಯುತ್ತಿತ್ತು; ಕಾಯುವಂತಿರಲಿಲ್ಲ. ಏಪ್ರಿಲ್‌ನಲ್ಲಿ ಮೀನಿನ ಹಕ್ಕು ಬೇರೆಯವರ ಪಾಲಾಯಿತು. ಮೇ ತಿಂಗಳಿಂದ ರೂನಾ ಶೆಡ್ಡಿನಲ್ಲಿ ಚಾಕು ಹಿಡಿದು ನಿಂತಳು, ಬೇರೆಯವರು ಹಿಡಿದ ಮೀನು ಕೊಯ್ಯಲು.

ಆ ತಿಂಗಳ ಒಂದು ಭಾನುವಾರ ಸಿಗ್ರೂನ್ ಚರ್ಚಿನಿಂದ ನೇರ ಮಗಳ ಮನೆಗೆ ಹೋಗಿ, ಬಕೀಟಿಗೆ ನೀರು ತುಂಬಿಕೊಂಡು ನೆಲಮಾಳಿಗೆಗೆ ಇಳಿದಳು. ಅಲ್ಲಿಯೂ ಒಂದು ಬಿರುಕು, ರೂನಾಳ ಅಕ್ಷರದಲ್ಲಿ ಆರು ತಾರೀಕು. ಸಿಗ್ರೂನ್ ಒದ್ದೆ ಬಟ್ಟೆಯಿಂದ ಮೊದಲನೆಯದನ್ನು ಉಜ್ಜಿ ಅಳಿಸತೊಡಗಿದಳು.

"ಅಮ್ಮ, ಏನ್ ಮಾಡ್ತಿದೀಯ? ಇದು ಅಪ್ಪ ಹೇಳಿಕೊಟ್ಟಿದ್ದು!"

"ನಿಮ್ಮಪ್ಪ ಹೇಳಿಕೊಟ್ಟಿದ್ದರಲ್ಲಿ ತಪ್ಪಿಲ್ಲ. ಬ್ರಷ್ ತಗೋ."

"ನಾಳೆ ಯಾರಾದ್ರೂ ಬಂದು ಕೇಳಿದ್ರೆ?"

"ಬಿರುಕಾ? ನಾನು ನೋಡೇ ಇಲ್ಲ, ಅನ್ನು. ಕಣ್ಣಲ್ಲಿ ಕಣ್ಣಿಟ್ಟು ಅನ್ನು. ಎಲ್ಲಿ, ನನ್ನೆದುರು ಒಂದ್ಸಲ ಹೇಳು."

ರೂನಾ ಹೇಳಿದಳು. ಹೇಳುವಾಗ ಕಣ್ಣು ನೆಲಕ್ಕಿಳಿಯಿತು. ಸಿಗ್ರೂನ್‌ಗೆ ಮೈಯೆಲ್ಲ ಉರಿದು ಹೋಯಿತು, ಮಗಳ ಮೇಲಲ್ಲ.

"ಹಾಗಲ್ಲ," ಎಂದಳು. "ನಾಚ್ಕೋಬೇಡ. ಇನ್ನೊಂದ್ಸಲ ಹೇಳು."