ಎಲ್ಲರೂ ಹೋಪ

ಸಭೆ ಕೆಡಿಸಿದವನು ನಾನೇ. ಮೈಕು ಕೆಟ್ಟಿತ್ತು, ಯಾರಿಗೋ ತಪ್ಪಾಗಿ ಕೇಳಿಸಿತು ಎಂದೆಲ್ಲ ಹುಡುಗರು ಆಮೇಲೆ ನನ್ನ ಪರವಾಗಿ ಸುಳ್ಳು ಹೇಳಿದರು. ಅಷ್ಟು ಚೆಂದದ ಸುಳ್ಳಿಗೆ ನಾನು ಯೋಗ್ಯನಲ್ಲ.

ಬ್ರಹ್ಮಾವರದಲ್ಲಿ ಹೆದ್ದಾರಿ ಪಕ್ಕದ ನಮ್ಮ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದವರು ಮಂಗಳೂರು ಕಡೆಯ ಜೆಸುಯಿಟ್ ಪಾದ್ರಿ. ಮನೆಮಾತು ಕೊಂಕಣಿ, ಕನ್ನಡವೋ ಇಸ್ತ್ರಿ ಹಾಕಿದ್ದು. ನನಗೂ ಅವರಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ, ತಮ್ಮ ಬಟ್ಟೆ ತಾವೇ ಒಗೆದು ಹಾಕಿ, ಗೇಟಿನಲ್ಲಿ ನಿಂತುಬಿಡುತ್ತಿದ್ದರು. ತೆಕ್ಕಟ್ಟೆಯಿಂದ ಬರುವ ನನ್ನ ಬಸ್ಸು ತಡವಾಗುವುದನ್ನೇ ಕಾಯುತ್ತಿದ್ದಾರೆ ಎಂದು ನನ್ನ ನಂಬಿಕೆ. ಸ್ವಂತ ಮಕ್ಕಳಿಲ್ಲದವರು ಊರ ಮಕ್ಕಳನ್ನೆಲ್ಲ ತಿದ್ದಲು ಹೊರಟಿದ್ದಾರೆ ಎಂದು ಕ್ಯಾಂಟೀನಿನಲ್ಲಿ ಅವರದೇ ಸ್ವರದಲ್ಲಿ ಹೇಳಿ ನಗಿಸುತ್ತಿದ್ದೆ. ನನ್ನ ಸ್ವಂತ ಸ್ವರ ಒಣಮೀನು ಕೆರೆದ ಹಾಗಿದೆ, ಬಿಡಿ.

ಆ ದಿನ ಪರೀಕ್ಷೆಯಲ್ಲಿ ಬಿದ್ದವರಿಗೆ ಧೈರ್ಯ ಹೇಳಲು ಸಭೆ ಕರೆದಿದ್ದರು. ಬದುಕಿಗೆ ಬೇಕಾದದ್ದು ‘ಹೋಪ್’ ಎಂದು ಇಂಗ್ಲಿಷ್ ಪದವೊಂದನ್ನು ಎತ್ತಿ, ಕಣ್ಣು ಮುಚ್ಚಿ, ಮಾತು ನಿಲ್ಲಿಸಿದರು. ನಮ್ಮ ಕುಂದಾಪ್ರ ಕನ್ನಡದಲ್ಲಿ ಹೋಪ ಎಂದರೆ ಹೋಗೋಣ. ಹಿಂದಿನ ಬಾಗಿಲ ಬಳಿಯಿಂದ ಅವರದೇ ಸ್ವರದಲ್ಲಿ, ಅವರದೇ ನಿಧಾನದಲ್ಲಿ, “ಹೋಪ... ಎಲ್ಲರೂ ಹೋಪ” ಎಂದೆ. ಫಾದರೇ ಹೇಳಿದರೆಂದು ಎಲ್ಲರೂ ಎದ್ದರು, ಬೆಂಚುಗಳು ಕಿರುಗುಟ್ಟಿದವು. ಅವರು ಕಣ್ಣು ತೆರೆದಾಗ ಮುಂದಿನ ಸಾಲಿನಲ್ಲಿ, ಫೇಲಾಗಿ ಅಳುತ್ತಿದ್ದ ಹುಡುಗಿಯೊಬ್ಬಳು ಮಾತ್ರ ಕೂತಿದ್ದಳು.

ಅದೇ ವಾರ ಅಂತರಕಾಲೇಜು ಮಿಮಿಕ್ರಿ ಸ್ಪರ್ಧೆಗೆ ನನ್ನ ಹೆಸರು ಹೋಗಬೇಕಿತ್ತು. ನನ್ನದು ಕೊನೆಯ ವರ್ಷ. ನನ್ನ ಅಂಕಪಟ್ಟಿ ನೋಡಿದ ಯಾರೂ ಬೇರೆ ದಾರಿ ತೋರಿಸಿರಲಿಲ್ಲ. ಆ ವೇದಿಕೆಯೊಂದೇ ಗತಿ. ಪ್ರಿನ್ಸಿಪಾಲರ ಸಹಿಯಿಲ್ಲದೆ ಹೆಸರು ಹೋಗುವಂತಿಲ್ಲ. ಬಂದು ಕ್ಷಮೆ ಕೇಳಿದರೆ ಸಹಿ ಎಂದು ಹೇಳಿಕಳಿಸಿದರು. ಹೆಸರು ಕಳಿಸಲು ಅದೇ ಸಂಜೆ ಕೊನೆ.

“ಹ್ವಾಯ್ ಫಾದರೇ, ಬೈಸ್ಕಂಬುಕೆ ಹೊರಟ್ರ್ಯಾ?” ಬೈಸಿಕೊಳ್ಳಲು ಹೊರಟಿರಾ ಎಂದು, ನನ್ನನ್ನೇ ಫಾದರ್ ಮಾಡಿ, ಗೆಳೆಯನೊಬ್ಬ ವರಾಂಡದಲ್ಲೇ ಕೆಣಕಿದ.

ಒಳಗೆ ಹೋಗಿ ನಿಂತೆ. ಕೂರು ಎನ್ನಲಿಲ್ಲ. ನನ್ನ ಹೆಸರಿದ್ದ ಕಾಗದ ಮೇಜಿನ ಮೇಲಿತ್ತು, ಪೆನ್ನು ಅವರ ಕೈಯಲ್ಲಿ. ತಪ್ಪಾಯ್ತು ಎನ್ನಲು ಬಾಯಿ ತೆರೆದರೆ ಬಂದದ್ದು ಅವರ ಸ್ವರ. ಅದೇ ಕೊಂಕಣಿ ಎಳೆತ, ವಾಕ್ಯ ಮುಗಿದಾಗಿನ ಸಣ್ಣ ಕೆಮ್ಮು ಸಹಿತ. ಬೇಕೆಂದು ಮಾಡಿದ್ದಲ್ಲ, ಹೆದರಿಕೆ ಹತ್ತಿದರೆ ಎದುರಿನವರ ಸ್ವರವೇ ನನ್ನ ಗಂಟಲಿಗೆ ಬಂದುಬಿಡುತ್ತದೆ. ಅದನ್ನೂ ವಿವರಿಸಲು ಹೋದೆ, ಪುನಃ ಅವರ ಸ್ವರದಲ್ಲೇ, ಕೆಮ್ಮಿನ ಸಮೇತ.

ಅವರು ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗಿಟ್ಟುಕೊಂಡರು.

“ಕ್ಷಮೆ ಕೇಳಿದ್ದು ನನ್ನ ಸ್ವರ, ಅದನ್ನು ನಾನು ನನಗೇ ಕೊಟ್ಟುಕೊಂಡೆ. ನೀನು ಇನ್ನೂ ಕೇಳಿಲ್ಲ. ಹೋಗುವಾಗ ಬಾಗಿಲು ಹಾಕಿಕೋ.”