ಸೀಟು ಕೊಟ್ಟ ದ್ರೌಪದಮ್ಮ

ಚಾಮರಾಜಪೇಟೆಯ ಅಡ್ಡರಸ್ತೆಗೆ ಹಾಲಿನ ವ್ಯಾನು ಇನ್ನೂ ಬಂದಿಲ್ಲ. ದ್ರೌಪದಮ್ಮನವರ ಅಂಗಡಿಯ ಶಟರ್ ಆಗಲೇ ಅರ್ಧ ಎದ್ದಿದೆ. ಒಳಗೆ ಅವರು ಆಟೊ ಸೀಟೊಂದನ್ನು ಬೋರಲು ಹಾಕಿಕೊಂಡು, ಹರಿದ ರೆಕ್ಸಿನ್ ಕಿತ್ತು, ಕುಸಿದ ಸ್ಪಂಜು ಬದಲಿಸುತ್ತಿದ್ದಾರೆ. ಮೊದಲ ಬಾಡಿಗೆಗೆ ಮುಂಚೆ ಸೀಟು ಗಾಡಿ ಸೇರಬೇಕು. ಹೊರಗೆ ಟೀ ಹಿಡಿದು ನಿಂತ ಚಾಲಕ ಸೊಣ್ಣಪ್ಪನದು ಒಂದೇ ಅವಸರ.

"ಸುಮ್ನಿರಪ್ಪ, ಅದ್ರ ಮೇಲೆ ಕೂರೋದು ನೀನಲ್ಲ, ಪ್ಯಾಸೆಂಜರು."

ದಿನಕ್ಕೆ ಐದಾರು ಸೀಟು ಹೊಲಿಯುತ್ತಾರೆ. ಊರೆಲ್ಲ ಮೆತ್ತಗೆ ಕೂತು ಓಡಾಡಲೆಂದು ದುಡಿಯುವ ಈ ಹೆಂಗಸು ಕೂರುವುದು ಮಾತ್ರ ಒಂದು ಮರದ ಮಣೆಯ ಮೇಲೆ. ನಮ್ಮ ಸಮಾಜದ ನ್ಯಾಯವೇ ಇದು. ಕೂರುವವರಿಗೆ ಹೆಸರುಂಟು, ಕೂರಿಸುವವರಿಗೆ ಬೆನ್ನುನೋವುಂಟು.

ತವರಿನವರು ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಿದ್ದವರು. ಗಂಡ ಚಿಕ್ಕಮುನಿಯಪ್ಪ ಆಟೊ ಓಡಿಸುತ್ತಾರೆ. ಅವರ ಹರಿದ ಸೀಟಿಗೆ ಹಾಕಿದ ಹೊಲಿಗೆಯನ್ನು ಸ್ಟ್ಯಾಂಡಿನವರು ನೋಡಿದರು, ಕೆಲಸ ಹಾಗೆ ಶುರುವಾಯಿತು. ಮೊದಮೊದಲು ಬಂದದ್ದು ಕೆಲಸಕ್ಕಿಂತ ನಗೆಯೇ ಹೆಚ್ಚು. "ಹೆಂಗ್ಸು ಹೊಲ್ದಿದ್ದು ರವಿಕೆ ಥರ ಇರುತ್ತೆ ಅನ್ನೋರು. ಈಗ ಅದೇ ರವಿಕೆ ಮೇಲೆ ಕೂರಿಸ್ಕೊಂಡು ಬಾಡಿಗೆ ಹೊಡೀತವ್ರೆ," ಎಂದು ದಾರ ಕಚ್ಚಿ ತುಂಡರಿಸುತ್ತಾರೆ.

ಹೋದ ತಿಂಗಳು ಇದೇ ಅಂಗಡಿಗೆ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಬ್ಬರು ಬಂದರು. ಅವರ ತಂಡ ವರ್ಷವಿಡೀ ಬೆವರು ಸುರಿಸಿ ತಾವೇ ಒಂದು ರೇಸ್ ಕಾರು ಕಟ್ಟಿದೆ. ಕಾಲೇಜು ಕಾಲೇಜುಗಳ ನಡುವಿನ ಪಂದ್ಯಕ್ಕೆ ಅದು ಹೋಗಬೇಕು. ಓಡಿಸುವವಳು ತನ್ಮಯಿ. ಆದರೆ ಅದರ ಸೀಟು ಹೋದ ವರ್ಷ ಓಡಿಸಿದ ಉದ್ದನೆಯ ಹುಡುಗನ ಅಳತೆಯದು. ತನ್ಮಯಿ ಕೂತರೆ ಜಾರುತ್ತಾಳೆ, ಕಾಲು ಬ್ರೇಕಿಗೆ ಸರಿಯಾಗಿ ಎಟಕುವುದಿಲ್ಲ. ಅವಳ ಜತೆ ಬಂದಿದ್ದ ಆಕರ್ಷ ಅಳತೆಯ ನಕ್ಷೆ ಚಾಚಿದ. ದ್ರೌಪದಮ್ಮ ಅದನ್ನು ಮಡಿಸಿ ವಾಪಸು ಕೊಟ್ಟರು. ಕೂತವರನ್ನು ಕೂತ ಜಾಗದಲ್ಲೇ ನೋಡದೆ ಅವರು ಕತ್ತರಿ ಹಿಡಿಯುವುದಿಲ್ಲ. ಕಾರು ಇರುವಲ್ಲಿಗೆ ತಾವೇ ಬರುತ್ತೇನೆಂದರು.

ಮರುದಿನ ಕಾಲೇಜಿನ ಗೇಟಿನಲ್ಲಿ ಏನು ಕೆಲಸ ಎಂದು ಕೇಳಿದರೆ "ಸೀಟಿನ ವಿಚಾರ" ಎಂದರು. ಕಾವಲುಗಾರ ನೇರವಾಗಿ ಅಡ್ಮಿಷನ್ ಆಫೀಸಿಗೆ ಕಳಿಸಿದ.

"ಯಾರಿಗಮ್ಮಾ ಸೀಟು?" ಎಂದರು ಗುಮಾಸ್ತರು.

"ತನ್ಮಯಿ ಅಂತ ಹುಡುಗಿಗೆ."

"ಮಾರ್ಕ್ಸ್ ಎಷ್ಟು?"

"ಮಾರ್ಕ್ ಇನ್ನೂ ಹಾಕಿಲ್ಲ ಸಾರ್. ಮೊದ್ಲು ಸೊಂಟ ನೋಡ್ಬೇಕು."

ಗುಮಾಸ್ತರು ಕನ್ನಡಕ ತೆಗೆದರು. ಹುಡುಕಿಕೊಂಡು ಬಂದ ಆಕರ್ಷ ವಿಷಯ ಬಿಡಿಸಿ ಹೇಳುವ ಹೊತ್ತಿಗೆ ಇಡೀ ಆಫೀಸು ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವರು ದ್ರೌಪದಮ್ಮನೇ.

ರೇಸ್ ಕಾರಿನ ಸೀಟಿಗೆ ಬೇಕಾದ, ಬೆಂಕಿ ಹತ್ತದ ಬಟ್ಟೆಯನ್ನು ವಿದ್ಯಾರ್ಥಿಗಳೇ ಕೊಟ್ಟಿದ್ದರು. ಸೀಟು ತನ್ಮಯಿಯ ಬೆನ್ನಿಗೆ ಅಚ್ಚು ಹೊಯ್ದಂತೆ ಕೂತಿತು. ಎಡವಟ್ಟಾದದ್ದು ಅಂಚಿನಲ್ಲಿ. ಹೆಣ್ಣುಮಗಳು ಮೊದಲ ಸಲ ರೇಸಿಗೆ ಹೋಗುತ್ತಿದ್ದಾಳೆ, ಬೋಳು ಸೀಟಿನಲ್ಲಿ ಕಳಿಸುವುದೆ? ಸೀರೆಯ ಸೆರಗಿಗೆ ಕಟ್ಟುವಂತೆ ಸೀಟಿನ ಅಂಚಿಗೆ ಕೆಂಪು, ಹಳದಿ ಕುಚ್ಚು ಕಟ್ಟಿಬಿಟ್ಟಿದ್ದರು.

ಈ ಪಂದ್ಯಕ್ಕೊಂದು ಕಟ್ಟುನಿಟ್ಟು ನಿಯಮವಿದೆ. ಓಡಿಸುವವರು ಬೆಲ್ಟು ಬಿಚ್ಚಿ ಐದು ಸೆಕೆಂಡಿನೊಳಗೆ ಹೊರಗೆ ಬಂದು ತೋರಿಸಬೇಕು. ಇಲ್ಲದಿದ್ದರೆ ಕಾರು ಟ್ರ್ಯಾಕಿಗೆ ಇಳಿಯುವಂತಿಲ್ಲ, ತಂಡದ ವರ್ಷದ ದುಡಿಮೆ ಮಣ್ಣುಪಾಲು. ಕಾಲೇಜಿನ ಶೆಡ್ಡಿನಲ್ಲಿ ಪರೀಕ್ಷೆ ಮಾಡಿದಾಗ ಬೆಲ್ಟಿನ ಬಕಲ್ಲು ಕುಚ್ಚಿಗೆ ಸಿಕ್ಕಿಕೊಂಡಿತು. ತನ್ಮಯಿ ಎಳೆದಳು, ಒದ್ದಾಡಿದಳು, ಕೊನೆಗೆ ಕೈಚೆಲ್ಲಿ ಕೂತಳು. ಪಂದ್ಯಕ್ಕೆ ಉಳಿದಿದ್ದು ಎರಡೇ ದಿನ. ಕುಚ್ಚು ಬೇಡವೆಂದು ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ ದ್ರೌಪದಮ್ಮನೇ ಬ್ಲೇಡು ತೆಗೆದು ಕುಚ್ಚು ಬಿಚ್ಚಿದರು.

"ಆಂಟಿ, ಅಷ್ಟು ಚೆನ್ನಾಗಿತ್ತು," ಎಂದಳು ತನ್ಮಯಿ.

"ಚೆಂದ ಆಮೇಲೆ ಕಣಮ್ಮ. ಮೊದ್ಲು ನೀನು ಆಚೆ ಬಾ."

ಪಂದ್ಯದ ದಿನ ದ್ರೌಪದಮ್ಮನ ಕೈ ಹೊಲಿಗೆಯಲ್ಲಿತ್ತು, ಕಿವಿ ಮಗಳು ರಮ್ಯಾಳ ಫೋನಿನಲ್ಲಿ. ಮಧ್ಯಾಹ್ನ ಕರೆ ಬಂತು. ತನ್ಮಯಿ ಸಮಯದೊಳಗೆ ಹೊರಬಂದಿದ್ದಳು, ಕಾರು ಟ್ರ್ಯಾಕಿಗೆ ಇಳಿದಿತ್ತು. ಸಂಜೆ ಇನ್ನೊಂದು ಕರೆ. ಬಹುಮಾನ ಬರಲಿಲ್ಲ, ಆದರೆ ಕಾರು ಎಲ್ಲೂ ನಿಲ್ಲದೆ ಎಲ್ಲ ಸುತ್ತು ಮುಗಿಸಿತ್ತು. ಅಂಗಡಿಯಲ್ಲಿದ್ದವರಿಗೆಲ್ಲ ಸೊಣ್ಣಪ್ಪ ಟೀ ತರಿಸಿದ.

ತಂಡದವರು ಕಳಿಸಿದ ಫೋಟೊದಲ್ಲಿ ಕಾರಿನ ಮೈತುಂಬ ಕಂಪನಿಗಳ ಹೆಸರು. ಸ್ಟಿಕ್ಕರು ಅಂಟಿಸಿದವರಿಗೆಲ್ಲ ಅಲ್ಲಿ ಜಾಗವಿದೆ, ಸೂಜಿ ಚುಚ್ಚಿಸಿಕೊಂಡ ಬೆರಳಿಗಿಲ್ಲ. ಅಮ್ಮನ ಹೆಸರೆಲ್ಲಿ ಎಂದು ರಮ್ಯಾ ಕೇಳಿಯೇಬಿಟ್ಟಳು. ನಾಚಿದ ಹುಡುಗರು ಮುಂದಿನ ವರ್ಷ ಸೀಟಿನ ಮೇಲೆ ಬರೆಸುತ್ತೇವೆಂದರು.

"ಸೀಟ್ ಮೇಲೆ ಬೇಡಪ್ಪ, ಅದ್ರ ಮೇಲೆ ಕೂತ್ಕೋತೀರ," ಎಂದರಂತೆ ದ್ರೌಪದಮ್ಮ. "ಬರೆದ್ರೆ ಕಾರಿನ ಮೂತಿ ಮೇಲೆ ಬರೀರಿ."

ಬಿಚ್ಚಿದ ಕುಚ್ಚು ಈಗ ಅವರ ಮಣೆಯ ಮೇಲಿನ ಹೊಸ ದಿಂಬಿಗೆ ಸೇರಿದೆ. ಇಷ್ಟು ವರ್ಷಗಳಲ್ಲಿ ಅವರು ತಮಗಾಗಿ ಹೊಲಿದುಕೊಂಡ ಮೊದಲ ಸೀಟು ಅದು. ಸೊಣ್ಣಪ್ಪನ ಗಾಡಿಗೆ ಸೀಟು ಕೂರಿಸಿ ಬಂದು, ಆ ದಿಂಬಿನ ಮೇಲೆ ಕೂತು, ಲೆಕ್ಕದ ಪುಸ್ತಕ ಓದುತ್ತಿರುವ ರಮ್ಯಾಳ ಕಡೆ ನೋಡುತ್ತಾರೆ. ಇಂಜಿನಿಯರಿಂಗ್ ಓದಬೇಕೆಂದಿದ್ದ ಅವಳು ಈಗ ಬಿ.ಕಾಂ. ವಿದ್ಯಾರ್ಥಿನಿ.

"ಇವಳಿಗೊಂದು ಸೀಟ್ ಕೊಡಿ ಅಂತ ಎಷ್ಟೋ ಕಾಲೇಜಿನ ಮೆಟ್ಲು ಹತ್ತಿದ್ದೆ. ಈಗ ನೋಡಿ, ಕಾಲೇಜೇ ಸೀಟ್ ಕೇಳ್ಕೊಂಡು ನಮ್ಮ ಅಂಗಡಿ ಮೆಟ್ಲು ಹತ್ತಿತು. ನಾನು ಮಾರ್ಕ್ಸ್ ಕೇಳ್ಲಿಲ್ಲ, ಕೊಟ್ಟೆ."